ಗೋಡೆಗೆ ಅಂಟಿಸಿದ ನಗು

ವಿಮಾನ ನಿಲ್ದಾಣದ ಲಾಂಜಿನ ಬಾಗಿಲ ಬಳಿಯ ಹುಡುಗಿ ಟಿಕೆಟ್ ಕೈಗೆ ತೆಗೆದುಕೊಳ್ಳುವ ಮೊದಲೇ ಹೆಂಗಸರಿಬ್ಬರ ಉಡುಪನ್ನೂ ಮೇಲಿಂದ ಕೆಳಗೆ ನೋಡಿ, "ಕಲಾವಿದರು ಹಿಂದಿನ ಬಾಗಿಲಿಂದ ಬರಬೇಕು" ಎಂದಳು.

"ಯಾವ ಕಲೆ ತಾಯಿ?" ಸುನ್ನಾ ಕೇಳಿದಳು. "ನಂಗೆ ಬರೋದು ಎರಡೇ. ಒಂದು ಹಿಮಸಾರಂಗದ ಚರ್ಮ ಸುಲಿಯೋದು, ಇನ್ನೊಂದು ನಮ್ಮತ್ತಿಗೆ ಜೊತೆ ಜಗಳ ಆಡೋದು. ನಿಮ್ಮ ಲಾಂಜಲ್ಲಿ ಯಾವುದು ನಡೆಯುತ್ತೆ ಹೇಳು, ಈಗಲೇ ಶುರು ಮಾಡ್ತೀವಿ."

ಹುಡುಗಿಯ ಕಿವಿ ಕೆಂಪಾಯಿತು. ರವ್ನಾ ಎರಡು ಟಿಕೆಟ್‌ಗಳನ್ನು ಮೇಜಿನ ಮೇಲಿಟ್ಟಳು. ರೆವೊಂತುಲಿ ವಿಮಾನ ಸಂಸ್ಥೆ, ಬಿಸಿನೆಸ್ ಕ್ಲಾಸ್, ಹೆಲ್ಸಿಂಕಿಯಿಂದ ಲಿಸ್ಬನ್‌ಗೆ. ಹುಡುಗಿ ಮೂರು ಸಲ ಕ್ಷಮೆ ಕೇಳಿದಳು. ಹೆಲ್ಸಿಂಕಿಯವರು ಕ್ಷಮೆ ಕೇಳುವ ರೀತಿಯೇ ಹಾಗೆ. ಅಷ್ಟು ಮೆತ್ತಗೆ, ಅಷ್ಟು ಚೆನ್ನಾಗಿ ಕೇಳುತ್ತಾರೆಂದರೆ ಕೊನೆಗೆ ನಾವೇ ಏನೋ ತಪ್ಪು ಮಾಡಿ ಅವರಿಗೆ ತೊಂದರೆ ಕೊಟ್ಟೆವೇನೋ ಅನ್ನಿಸಿಬಿಡುತ್ತದೆ.

ಇಬ್ಬರೂ ತೊಟ್ಟಿದ್ದು ಗಾಕ್ತಿ. ನೀಲಿ ಉಣ್ಣೆಯ ನಿಲುವಂಗಿ, ಅಂಚಿಗೆ ಕೆಂಪು ಹಳದಿ ಪಟ್ಟಿ, ಹೆಗಲ ಮೇಲೆ ರೇಷ್ಮೆ ಶಾಲು, ಶಾಲು ಜಾರದಂತೆ ಎದೆಯ ಮೇಲೆ ಅಂಗೈಯಗಲದ ಬೆಳ್ಳಿ ಪದಕ. ಓದಲು ಬರುವವರಿಗೆ ಗಾಕ್ತಿ ಎಲ್ಲವನ್ನೂ ಹೇಳುತ್ತದೆ: ಯಾವ ನದಿ, ಯಾವ ದಡ, ಯಾರ ಮಗಳು, ಹೊಲಿದದ್ದು ಯಾರ ಕೈ. ಓದಲು ಬಾರದವರಿಗೆ ಅದು ಕುಣಿಯುವವರ ಬಟ್ಟೆ. ರವ್ನಾ ಐವತ್ತು ವರ್ಷ ಗಾಕ್ತಿ ಹೊಲಿದವಳು. ಓದಲು ಬಾರದವರನ್ನು ಕಂಡು ಕಂಡು ಅವಳಿಗೆ ಸಿಟ್ಟು ಬರುವುದೇ ನಿಂತುಹೋಗಿತ್ತು. ನಿಂತುಹೋಗಿದೆ ಎಂದೇ ಅವಳು ತಿಳಿದಿದ್ದಳು.

ಹೇಳಿ ಕೇಳಿ ಸಾಮಿ ಬುಡಕಟ್ಟಿನ ಹೆಂಗಸು, ದೇಶದ ಉತ್ತರದ ತುತ್ತತುದಿಯಲ್ಲಿ ಹರಿಯುವ ತೆನೊ ನದಿಯ ದಡದವಳು, ವಯಸ್ಸು ಅರವತ್ತೊಂಬತ್ತು. ಬಿಸಿನೆಸ್ ಕ್ಲಾಸಿನ ಋಣ ಅವಳಿಗೆಲ್ಲಿಂದ ಬರಬೇಕು? ಬಂದದ್ದು ಒಂದು ಕಾಗದದಿಂದ. ರೆವೊಂತುಲಿಯವರು ವಿಮಾನ ನಿಲ್ದಾಣದಲ್ಲಿ ಹೊಸ ಲಾಂಜ್ ಕಟ್ಟಿಸಿದ್ದರು. ಅದರ ಗೋಡೆಗೆಂದು, ಎಂದೋ ಸತ್ತುಹೋದ ಒಬ್ಬ ಪ್ರವಾಸಿ ತೆಗೆದ ಹಳೆಯ ಫೋಟೋ ಕೊಂಡಿದ್ದರು. ಅದರಲ್ಲಿರುವ ಹೆಂಗಸು ರವ್ನಾಳ ತಾಯಿ ಎಂದು ಊರಿನ ಪಾದ್ರಿ ಗುರುತು ಹೇಳಿದ್ದ. ಉದ್ಘಾಟನೆಯ ದಿನ ಮಗಳು ಬರಬೇಕು, ಗಾಕ್ತಿ ತೊಟ್ಟು ತಾಯಿಯ ಚಿತ್ರದ ಮುಂದೆ ನಿಂತು ಪತ್ರಿಕೆಯವರಿಗೆ ಫೋಟೋ ಕೊಡಬೇಕು, ಅಷ್ಟೇ. ಅದಕ್ಕೆ ಪ್ರತಿಯಾಗಿ ಎರಡು ಟಿಕೆಟ್, ಎಲ್ಲಿಗೆ ಬೇಕಾದರೂ. ಹಾಗೆಂದು ಬರೆದ ಕಾಗದಕ್ಕೆ ರವ್ನಾ ರುಜು ಹಾಕಿ ಕಳಿಸಿದ್ದಳು.

ಲಿಸ್ಬನ್ ಆರಿಸಿದ್ದು ಸುನ್ನಾ. ಅವಳು ರವ್ನಾಳ ತೀರಿಹೋದ ತಮ್ಮನ ಹೆಂಡತಿ. ಮೂವತ್ತು ಚಳಿಗಾಲ ಹಿಮಸಾರಂಗಗಳ ಹಿಂದೆ ಸುತ್ತಿ ಸವೆದ ಮೊಣಕಾಲಿಗೆ ಒಂದು ವಾರ ಬಿಸಿಲು ಕಾಯಿಸಬೇಕೆಂಬುದು ಅವಳ ಆಸೆ. ರವ್ನಾಳಿಗೆ ಬಿಸಿಲೂ ಬೇಡ, ಲಿಸ್ಬನ್ನೂ ಬೇಡ. ಅವಳಿಗೆ ಬೇಕಾಗಿದ್ದು ಅವ್ವನ ಮುಖ. ಮನೆಯಲ್ಲಿ ಅವ್ವನದೆಂದು ಇದ್ದದ್ದು ಒಂದೇ ಫೋಟೋ, ಎಪ್ಪತ್ತು ದಾಟಿದ ಮೇಲೆ ಆಸ್ಪತ್ರೆಯ ಚೀಟಿಗೆಂದು ತೆಗೆಸಿದ್ದು. ಪ್ರಾಯದ ಅವ್ವ ಹೇಗಿದ್ದಳೆಂಬುದು ಅವಳಿಗೆ ಮರೆತೇಹೋಗಿತ್ತು.

ಒಳಗೆ ಬರ್ಚ್ ಮರದ ಬಿಳಿ ಕಾಂಡಗಳನ್ನು ತಂದು ಕಂಬದ ಹಾಗೆ ನಿಲ್ಲಿಸಿದ್ದರು. ಕುರ್ಚಿಗಳ ಮೇಲೆಲ್ಲ ಹಿಮಸಾರಂಗದ ಚರ್ಮ. ಸೂಟು ತೊಟ್ಟವರು ಅಲ್ಲಲ್ಲಿ ಕೂತು, ಒಬ್ಬರ ಪಕ್ಕ ಒಬ್ಬರು ಕೂರಬೇಕಾಗಿ ಬರದಂತೆ ಜಾಗ ಹಂಚಿಕೊಂಡು, ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಸುನ್ನಾ ಒಂದು ಚರ್ಮ ಎತ್ತಿ, ತಿರುವಿ, ಮೂಸಿ ನೋಡಿದಳು.

"ಥೂ! ಅರೆಬರೆ ಹದ ಮಾಡಿದಾರೆ ಅತ್ತಿಗೆ. ಒಂದು ತಿಂಗಳಲ್ಲಿ ಕೂದಲೆಲ್ಲಾ ಈ ಸೂಟಿನವರ ಅಂಡಿಗೆ ಅಂಟುತ್ತೆ, ನೋಡ್ತಿರಿ."

"ಮೆಲ್ಲಗೆ ಮಾತಾಡೇ."

"ಯಾಕೆ ಮೆಲ್ಲಗೆ? ನಮ್ಮ ಭಾಷೆ ಇಲ್ಲಿ ಯಾವನಿಗೆ ಬರುತ್ತೆ?"

ಅವಳು ನೇರವಾಗಿ ಊಟದ ಮೇಜಿಗೆ ಹೋಗಿ ಸಾಲ್ಮನ್ ಸೂಪು, ರೈ ಬ್ರೆಡ್ಡು, ಗಿಣ್ಣು, ಹಳದಿ ಕಾಡುಹಣ್ಣಿನ ಜಾಮು, ಎಲ್ಲವನ್ನೂ ಪೇರಿಸಿಕೊಂಡು ಬಂದಳು. "ಇದು ನಮ್ಮ ನದಿ ಮೀನಲ್ಲ, ಸಾಕಿದ್ದು. ಮೈ ಬೆಳೆಸಿದೆ, ರುಚಿ ಬೆಳೆಸಿಲ್ಲ" ಎನ್ನುತ್ತ ಎರಡು ಬಟ್ಟಲು ಖಾಲಿ ಮಾಡಿದಳು. ರವ್ನಾ ಬರಿಯ ಕಾಫಿ ಕುಡಿದಳು. ಅವಳ ಕಣ್ಣು ಗೋಡೆಗಳ ಮೇಲೇ ಇತ್ತು.

ಅಷ್ಟರಲ್ಲಿ ಪೌಲೀನಾ ಬಂದಳು. ಆಕೆ ಸಂಸ್ಥೆಯ ಪ್ರಚಾರ ವಿಭಾಗದ ಮುಖ್ಯಸ್ಥೆ, ನಲವತ್ತರ ಆಸುಪಾಸಿನವಳು, ಕಾಗದ ಬರೆದವಳೂ ಆಕೆಯೇ. ಕೆಟ್ಟವಳೇನಲ್ಲ, ಅದನ್ನೂ ಹೇಳಿಬಿಡಬೇಕು. ಮಾತಿನಲ್ಲಿ ಬೆಣ್ಣೆ, ಕೆಲಸದಲ್ಲಿ ಚುರುಕು. ಇಂಥವರಿಂದ ಆಗುವಷ್ಟು ನೋವು ಕೆಟ್ಟವರಿಂದ ಆಗುವುದಿಲ್ಲ.

"ಅಮ್ಮಾ, ನೀವು ಬಂದಿದ್ದು ನಮ್ಮ ಭಾಗ್ಯ! ಮಹಾನಿರ್ದೇಶಕರು ಇನ್ನು ಮುಕ್ಕಾಲು ಗಂಟೆಗೆ ಬರ್ತಾರೆ. ಅಷ್ಟರಲ್ಲಿ ನೀವು ಚಿತ್ರ ನೋಡಿಬಿಡಿ. ಬನ್ನಿ, ಬನ್ನಿ."

ಬರ್ಚ್ ಕಂಬಗಳ ಆಚೆ, ನೆಲದಿಂದ ಚಾವಣಿಯವರೆಗೆ ಗೋಡೆಯ ಉದ್ದಕ್ಕೂ ಅವ್ವ ನಿಂತಿದ್ದಳು. ಇಪ್ಪತ್ತೆಂಟು ವರ್ಷದ ಅವ್ವ. ಈಗಿನ ರವ್ನಾಳ ಮಗಳಿಗಿಂತ ಚಿಕ್ಕವಳು. ಹಿಂದೆ ನದಿಯ ದಡದ ಇಳಿಜಾರು, ಉದ್ದನೆಯ ಹುಲ್ಲು. ಬಲಗೈ ಬಾಯಿಯ ಮೇಲೆ, ಕಣ್ಣು ಕಿರಿದಾಗಿದೆ, ಗಾಳಿಗೆ ಟೊಪ್ಪಿಗೆಯ ಕೆಳಗಿಂದ ಒಂದು ಎಳೆ ಕೂದಲು ಹಾರಿದೆ. ಆ ಕೂದಲ ಎಳೆಯನ್ನು ಕಂಡ ಮೇಲೆ ರವ್ನಾಳಿಗೆ ಅವ್ವನ ತಲೆಯ ಹೊಗೆ ವಾಸನೆ ಕೂಡ ನೆನಪಿಗೆ ಬಂತು. ಟಿಕೆಟ್ ಹಾಳಾಗಲಿ, ಇದೊಂದಕ್ಕೆ ಬಂದದ್ದು ಸಾರ್ಥಕವಾಯಿತು ಎಂದುಕೊಂಡಳು.

ಆಮೇಲೆ ಅವಳ ಕಣ್ಣು ಕೆಳಗಿನ ಅಕ್ಷರಗಳ ಮೇಲೆ ಬಿತ್ತು. ಮೊಳದುದ್ದದ ಬಿಳಿ ಅಕ್ಷರ: "ಉತ್ತರದ ನಾಚುವ ನಗು ನಿಮ್ಮನ್ನು ಸ್ವಾಗತಿಸುತ್ತಿದೆ."

"ಹೆಸರೆಲ್ಲಿ?" ಎಂದಳು ರವ್ನಾ.

"ಯಾವ ಹೆಸರು?"

"ನಮ್ಮವ್ವಂದು. ನೀಲ್ಲಸನ ಮಗಳು ಬಿರೆತ್. ಪಾದ್ರಿ ಬರೆದು ಕಳಿಸಿದ್ರಲ್ಲ."

ಪೌಲೀನಾ ಮುಗುಳ್ನಕ್ಕಳು. "ಅದರ ಬಗ್ಗೆ ನಾವು ತುಂಬಾ ಚರ್ಚೆ ಮಾಡಿದ್ವಿ ಅಮ್ಮಾ. ಹೆಸರು ಹಾಕಿದ್ರೆ ಯಾರೋ ಒಬ್ಬ ಹೆಂಗಸು ಆಗ್ಬಿಡ್ತಾರೆ. ಹೆಸರಿಲ್ದೆ ಇದ್ರೆ ಇಡೀ ಉತ್ತರವೇ ನಗ್ತಾ ಇರೋ ಹಾಗಿರುತ್ತೆ."

"ಇಡೀ ಉತ್ತರ ನಗ್ತಾ ಇದ್ರೆ ನಮ್ಮೂರಲ್ಲಿ ಕೇಳಿಸ್ಬೇಕಿತ್ತಲ್ಲ," ಎಂದಳು ಸುನ್ನಾ. ಅದನ್ನು ಅವಳು ಫಿನ್ನಿಷ್‌ನಲ್ಲೇ ಹೇಳಿದಳು, ಅರ್ಥವಾಗಲಿ ಎಂದೇ. ಪೌಲೀನಾ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಯಾರೋ ಕರೆದರೆಂದು ಆಚೆ ಹೋದಳು.

ರವ್ನಾ ಚಿತ್ರವನ್ನೇ ನೋಡುತ್ತ ನಿಂತಳು. "ಇದು ನಗೂನೇ ಏನೇ, ಸುನ್ನಾ?"

"ನಗೂನೇ ಇರ್ಬೇಕು. ನಮ್ಮತ್ತೆ ನಗೋವಾಗ ಬಾಯಿಗೆ ಕೈ ಅಡ್ಡ ಇಡ್ತಿರ್ಲಿಲ್ವಾ? ಮುಂದಿನ ಹಲ್ಲು ಮುರಿದಿತ್ತಲ್ಲ."

ಅದೂ ನಿಜವೇ. ಅವ್ವ ನಗುತ್ತಿದ್ದುದೇ ಅಪರೂಪ. ನಕ್ಕರೆ ಕೈ ಬಾಯಿಗೆ ಹೋಗುತ್ತಿತ್ತು. ಸರಿ, ನಗುವೇ ಇರಲಿ ಎಂದು ರವ್ನಾ ಒಪ್ಪಿಕೊಳ್ಳುವುದರಲ್ಲಿದ್ದಳು. ಆದರೆ ಐವತ್ತು ವರ್ಷ ಬಟ್ಟೆಯ ಜೊತೆ ಬದುಕಿದವರ ಕಣ್ಣು ಮುಖದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ, ಬಟ್ಟೆಗೆ ಇಳಿಯುತ್ತದೆ. ಅವ್ವನ ಶಾಲಿನ ಮೇಲೆ ಒಂದು ದೊಡ್ಡ ಬೆಳ್ಳಿ ಪದಕವಿತ್ತು. ಹಳೆಯ ಪದಕವೆಂದರೆ ತೂಕದ ವಸ್ತು. ಅದರ ಭಾರಕ್ಕೆ ರೇಷ್ಮೆ ತುಸುವಾದರೂ ಜಗ್ಗಬೇಕು. ಇಲ್ಲಿ ರೇಷ್ಮೆ ಜಗ್ಗಿರಲಿಲ್ಲ. ಸುತ್ತಲಿನ ಪುಟ್ಟ ಎಲೆಗಳು ಕೆಳಗೆ ಜೋತುಬೀಳದೆ ನಾಲ್ಕೂ ಕಡೆಗೆ ನೆಟ್ಟಗೆ ನಿಂತಿದ್ದವು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಅದು ಅವ್ವನ ಪದಕವೇ ಅಲ್ಲ. ಅವ್ವನಿಗೆ ಇದ್ದದ್ದು ಒಂದೇ ಪದಕ. ಅದು ಈಗ ರವ್ನಾಳ ಎದೆಯ ಮೇಲಿತ್ತು.

ಪೌಲೀನಾ ತಿರುಗಿ ಬಂದಳು. ರವ್ನಾ ಬೆರಳು ತೋರಿಸಿದಳು. "ಈ ಬೆಳ್ಳಿ ಎಲ್ಲಿಂದ ಬಂತು?"

"ಗೊತ್ತಾಗೋದೇ ಇಲ್ಲ ಅಲ್ವಾ?" ಪೌಲೀನಾಳ ಮುಖ ಅರಳಿತು. "ನಮ್ಮ ಚಿತ್ರಕಾರರು ಕಂಪ್ಯೂಟರಲ್ಲಿ ಹಾಕಿದ್ದು. ಮೂಲ ಫೋಟೋದಲ್ಲಿ ಎದೆ ಬೋಳು ಬೋಳಾಗಿತ್ತಮ್ಮ. ಒಂಥರಾ ಬಡತನ ಕಾಣ್ಸೋದು. ಒಂದು ಒಡವೆ ಹಾಕಿದ್ಮೇಲೆ ಎಷ್ಟು ಕಳೆ ಬಂತು ನೋಡಿ!"

"ಆ ಮೂಲ ಫೋಟೋ ತೋರಿಸು."

ಪೌಲೀನಾ ಫೋನು ತೆಗೆದು ಬೆರಳಾಡಿಸಿ ಮುಂದೆ ಹಿಡಿದಳು. ರವ್ನಾ ಕನ್ನಡಕ ಹಾಕಿಕೊಂಡಳು.

ಅದೇ ದಡ, ಅದೇ ಹುಲ್ಲು, ಅದೇ ಅವ್ವ. ಎದೆ ಬರಿದು. ಪದಕವಿಲ್ಲದ ಶಾಲು ಜಾರದಂತೆ ಎಡಗೈಯಲ್ಲಿ ಅದರ ಎರಡು ತುದಿಗಳನ್ನೂ ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಫೋಟೋ ಗೋಡೆಯ ಮೇಲಿನದಕ್ಕಿಂತ ಅಗಲವಾಗಿತ್ತು. ಗೋಡೆಯ ಅಳತೆಗೆ ಕೂರದೆಂದು ಕತ್ತರಿಸಿ ಎಸೆದ ಅಂಚಿನಲ್ಲಿ ಒಂದು ಉದ್ದ ದೋಣಿಯ ಮೂತಿ ಇತ್ತು. ದೋಣಿಯಲ್ಲಿ ಒಂದು ಮಗು. ಮಗುವಿನ ಮುಖ ಕಾಣುವುದಿಲ್ಲ. ದಡಕ್ಕೆ ಬೆನ್ನು ಹಾಕಿ ಕೂತಿದೆ, ಟೊಪ್ಪಿಗೆ ಕಿವಿಯ ಮೇಲಕ್ಕೆ ಎಳೆದುಕೊಂಡಿದೆ.

ಆ ಬೆನ್ನು ಯಾರದೆಂದು ರವ್ನಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡು, ಆಗಸ್ಟ್ ತಿಂಗಳ ಕೊನೆ. ಅವಳಿಗೆ ಏಳು ವರ್ಷ. ಸರ್ಕಾರದ ವಸತಿ ಶಾಲೆಗೆ ಮಕ್ಕಳನ್ನು ತುಂಬಿಕೊಂಡು ಹೋಗಲು ದೋಣಿ ಬಂದಿತ್ತು. ಅಲ್ಲಿ ಹೋದರೆ ಕ್ರಿಸ್‌ಮಸ್‌ವರೆಗೆ ಮನೆಯಿಲ್ಲ. ಮನೆಯ ಭಾಷೆ ಬಾಯಿಂದ ಬಂದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಬೇರೆ ಮಕ್ಕಳ ತಾಯಂದಿರು ಗೋಳೋ ಎಂದು ಅಳುತ್ತಿದ್ದರು. ಅವಳ ಅವ್ವ ಮಾತ್ರ ಅಳಲಿಲ್ಲ. ತನ್ನ ಎದೆಯ ಪದಕ ಬಿಚ್ಚಿ ಮಗಳ ಎದೆಗೆ ಚುಚ್ಚಿದಳು, "ಯಾರ ಮಗಳು ಅಂತ ಅಲ್ಲಿಯವರಿಗೆ ಗೊತ್ತಾಗ್ಲಿ" ಎಂದಳು, ಎತ್ತಿ ದೋಣಿಯಲ್ಲಿ ಕೂರಿಸಿದಳು. ಅಷ್ಟೇ. ದೋಣಿ ಹೊರಟಿತು. ಹಳದಿ ಮಳೆಯಂಗಿ ತೊಟ್ಟ ಒಬ್ಬ ಪರಊರಿನವನು ಅವಳ ಹಿಂದೆ, ದೋಣಿಯ ಹಿಂತುದಿಯಲ್ಲಿ ಎದ್ದು ನಿಂತು ದಡದ ಕಡೆ ಕ್ಯಾಮೆರಾ ಹಿಡಿದಿದ್ದ. ದೋಣಿ ನಡೆಸುತ್ತಿದ್ದ ಮುದುಕ, "ತಿರುಗಿ ನೋಡೇ ಕೂಸೇ, ನಿಮ್ಮವ್ವ ಅಲ್ಲೇ ನಿಂತಿದಾಳೆ" ಎಂದ. ರವ್ನಾ ತಿರುಗಲಿಲ್ಲ. ಒಂದು ಹನಿ ಕಣ್ಣೀರು ಹಾಕದ ತಾಯಿಯನ್ನು ಏನು ನೋಡುವುದು?

ಆ ಸಿಟ್ಟು ಏಳನೆಯ ವರ್ಷಕ್ಕೆ ಮುಗಿಯಲಿಲ್ಲ. ಕ್ರಿಸ್‌ಮಸ್‌ಗೆ ಮನೆಗೆ ಬಂದ ಮಗಳು ತಾಯಿಯ ತೊಡೆ ಹತ್ತಲಿಲ್ಲ. ದೊಡ್ಡವಳಾದ ಮೇಲೆ ತನ್ನ ಮಕ್ಕಳಿಗೆ, "ನಮ್ಮವ್ವ ಕಲ್ಲು, ನಂಗಾಗಿ ಅವಳಿಗೆ ಅಳೋಕೇ ಬರ್ಲಿಲ್ಲ" ಎಂದು ಹೇಳಿಕೊಂಡೇ ಬೆಳೆಸಿದಳು. ಅವ್ವ ಸಾಯುವಾಗ ಪಕ್ಕದಲ್ಲಿ ಮೂರು ದಿನ ಕೂತಿದ್ದಳು. ಕೇಳಬೇಕಾದ್ದನ್ನು ಅವಳೂ ಕೇಳಲಿಲ್ಲ, ಹೇಳಬೇಕಾದ್ದನ್ನು ಅವ್ವನೂ ಹೇಳಲಿಲ್ಲ. ಅವ್ವನಿಗೆ ಅಳು ಬಂದದ್ದು ದೋಣಿ ತಿರುಗಿದ ಮೇಲೆ. ಅದನ್ನು ಕಂಡವನು ಹಳದಿ ಮಳೆಯಂಗಿಯವನೊಬ್ಬನೇ.

"ಸುನ್ನಾ," ಎಂದಳು. "ಇದು ನಗು ಅಲ್ಲ ಕಣೇ. ನನ್ನ ದೋಣಿ ಹೋದ ದಿನ ಇದು. ನಮ್ಮವ್ವ ಅಳ್ತಾ ಇದಾಳೆ."

ಸುನ್ನಾ ಫೋನು ನೋಡಿದಳು, ಗೋಡೆ ನೋಡಿದಳು, ಮತ್ತೆ ಫೋನು ನೋಡಿದಳು.

ರವ್ನಾ ಪೌಲೀನಾಳಿಗೆ ಎಲ್ಲವನ್ನೂ ಹೇಳಿದಳು. ನಿಧಾನವಾಗಿ, ಫಿನ್ನಿಷ್‌ನಲ್ಲಿ, ಮೂಲೆಯಲ್ಲಿ ನಿಲ್ಲಿಸಿ ಕಲಿಸಿದ ಆ ಭಾಷೆಯಲ್ಲೇ. ಪೌಲೀನಾ ಕೇಳಿಸಿಕೊಂಡಳು. ಕಣ್ಣಲ್ಲಿ ನೀರೂ ತಂದುಕೊಂಡಳು. ರವ್ನಾಳ ಕೈ ಹಿಡಿದು, "ಎಂಥಾ ಕರುಳು ಹಿಂಡೋ ಕಥೆ!" ಎಂದಳು.

"ಕಥೆ ಬಿಡು. ಆ ಅಕ್ಷರ ಕೀಳ್ಸು. ಆ ಸುಳ್ಳು ಬೆಳ್ಳಿ ಅಳಿಸು. ಅವಳ ಹೆಸರು ಬರೆಸು, ಮಗುನ ಶಾಲೆಗೆ ಕೊಂಡೊಯ್ದ ದಿನ ಅಂತ ಬರೆಸು."

"ಖಂಡಿತಾ ಯೋಚನೆ ಮಾಡ್ತೀವಿ ಅಮ್ಮಾ. ಒಂದು ಸಮಿತಿ ಇದೆ, ಮುಂದಿನ ತಿಂಗಳು ಸೇರುತ್ತೆ."

"ಮುಂದಿನ ತಿಂಗಳಲ್ಲ, ಇವತ್ತು."

"ಇನ್ನು ಇಪ್ಪತ್ತು ನಿಮಿಷಕ್ಕೆ ನಿರ್ದೇಶಕರು ಬರ್ತಾರಲ್ಲಾ!" ಪೌಲೀನಾ ದನಿ ಇನ್ನಷ್ಟು ತಗ್ಗಿಸಿದಳು. "ನೋಡಿ, ಇಲ್ಲಿ ಬರೋರು ದಣಿದು ಬಂದಿರ್ತಾರೆ. ಅವರಿಗೆ ಅಳೋ ಚಿತ್ರ ತೋರ್ಸೋಕಾಗುತ್ತಾ? ಮತ್ತೆ, ನಿ‌ಜ ಹೇಳ್ಬೇಕು ಅಂದ್ರೆ, ನೋಡಿದೋರಿಗೆಲ್ಲಾ ಇದು ನಗೂನೇ ಅನ್ಸುತ್ತೆ. ನಿಮಗೂ ಮೊದಲು ಹಾಗೇ ಅನ್ಸ್ತು ಅಲ್ವಾ? ಹಾಗೇ ಇರ್ಲಿ ಬಿಡಿ. ನೀವು ರುಜು ಹಾಕಿದೀರಿ, ಗಾಕ್ತಿ ತೊಟ್ಟು ಚಿತ್ರದ ಮುಂದೆ ನಿಂತ್ಕೋತೀನಿ ಅಂತ. ಅಷ್ಟು ಮಾಡ್ಕೊಡಿ. ಆಮೇಲೆ ಲಿಸ್ಬನ್ ಇದೆ, ಬಿಸಿಲಿದೆ."

ಗಾಯಕ್ಕೆ ಉಪ್ಪು ಸವರುವುದನ್ನು ಇಷ್ಟು ನಯವಾಗಿ ಮಾಡಿದವರನ್ನು ರವ್ನಾ ನೋಡಿರಲಿಲ್ಲ. ಬಂದುಬಿಟ್ಟಿತು ಸಿಟ್ಟು. ನಿಂತುಹೋಗಿದೆ ಎಂದುಕೊಂಡ ಸಿಟ್ಟು ಪಾದದಿಂದ ನೆತ್ತಿಯವರೆಗೆ ಬಂತು, ಮತ್ತು ಬಂದದ್ದಕ್ಕೆ ಅವಳಿಗೆ ಖುಷಿಯಾಯಿತು. ಆದರೂ ಅವಳು ಕೂಗಲಿಲ್ಲ.

"ಮುಖ ತೊಳ್ಕೊಳೋ ಜಾಗ ಎಲ್ಲಿದೆ?" ಎಂದಳು.

"ಅಲ್ಲಿ ಬಲಗಡೆ. ಹೌದು, ಒಂಚೂರು ಮುಖ ತೊಳ್ಕೊಂಡು ಸುಧಾರಿಸ್ಕೊಳ್ಳಿ," ಎಂದು ಪೌಲೀನಾ ನೆಮ್ಮದಿಯ ಉಸಿರು ಬಿಟ್ಟಳು.

ಸ್ನಾನದ ಕೋಣೆ ಅವರ ಊರಿನ ಅಂಚೆ ಕಚೇರಿಯಷ್ಟು ದೊಡ್ಡದಿತ್ತು. ಹಿಂದೆಯೇ ಬಂದ ಸುನ್ನಾಳನ್ನು ಒಳಗೆ ಬಿಟ್ಟುಕೊಂಡು ರವ್ನಾ ಚಿಲಕ ಹಾಕಿದಳು. ಪದಕ ಬಿಚ್ಚಿದಳು, ಶಾಲು ತೆಗೆದಳು, ನಡುಪಟ್ಟಿ ಸಡಿಲಿಸಿ ಗಾಕ್ತಿಯನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಆಮೇಲೆ ತೋಳು ಎರಡನ್ನೂ ಒಳಗಿನಿಂದ ಹೊರಕ್ಕೆ ಎಳೆದಳು.

ಸಾಮಿಗಳಲ್ಲಿ ಅದೊಂದು ಪದ್ಧತಿ. ಅನ್ಯಾಯವಾದಾಗ, ಹೇಳಿದ್ದನ್ನು ಯಾರೂ ಕೇಳದೆ ಹೋದಾಗ, ಗಾಕ್ತಿಯನ್ನು ತಿರುವಿ ಒಳಮೈ ಹೊರಗೆ ಮಾಡಿ ತೊಡುತ್ತಾರೆ; ತೊಟ್ಟು, ಅನ್ಯಾಯ ಮಾಡಿದವರ ಎದುರಿಗೇ ಹೋಗಿ ನಿಲ್ಲುತ್ತಾರೆ. ಬಣ್ಣ ಪಟ್ಟಿ ಎಲ್ಲ ಒಳಕ್ಕೆ, ಹೊಲಿಗೆ ಗಂಟು ದಾರ ಎಲ್ಲ ಹೊರಕ್ಕೆ. ನಿಮಗೆ ತೋರಿಸಲು ನಮ್ಮ ಬಳಿ ಚಂದ ಉಳಿದಿಲ್ಲ ಎಂದು ಅದರ ಅರ್ಥ. ಐವತ್ತು ವರ್ಷ ಗಾಕ್ತಿ ಹೊಲಿದರೂ ರವ್ನಾ ಹಾಗೆ ಒಮ್ಮೆಯೂ ತೊಟ್ಟಿರಲಿಲ್ಲ.

ಸುನ್ನಾ ಬಾಯಿ ಬಿಟ್ಟು ನೋಡುತ್ತಿದ್ದಳು. "ಅತ್ತಿಗೆ... ಲಿಸ್ಬನ್?"

"ಹೋಯ್ತು ಅಂದ್ಕೋ. ನಿನ್ನನ್ನ ಬಾ ಅಂತ ನಾನು ಕರೀತಿಲ್ಲ. ನೀನು ಹೋಗಿ ಇನ್ನೊಂದು ಬಟ್ಟಲು ಸೂಪು ಕುಡಿ."

"ಅಹಾಹಾ! ದೊಡ್ಡವರು ಹೇಳಿಬಿಟ್ರು. ಅವಳು ನಿಮಗೆ ಹೆತ್ತವ್ವ ಇರ್ಬಹುದು, ನಂಗೆ ಅತ್ತೆ. ಇಪ್ಪತ್ತೆಂಟು ವರ್ಷ ಒಂದೇ ಒಲೆ ಮುಂದೆ ಬೈಸ್ಕೊಂಡಿದೀನಿ. ನಂಗೂ ಹಕ್ಕಿದೆ." ಸುನ್ನಾ ಆಗಲೇ ನಡುಪಟ್ಟಿಗೆ ಕೈ ಹಾಕಿದ್ದಳು. ಅರ್ಧ ಬಿಚ್ಚಿ ನಿಂತಳು. "ಆದ್ರೆ ಅತ್ತಿಗೆ, ನಂದು ಒಳಗಡೆ ಎಲ್ಲಾ ತೇಪೆ. ಮಾನ ಹೋಗುತ್ತೆ."

"ತೇಪೆ ಹಾಕಿದ್ದು ನಾನೇ. ಚೆನ್ನಾಗೇ ಹಾಕಿದೀನಿ. ನೋಡ್ಲಿ."

ಗಾಕ್ತಿ ತಿರುವಿ ತೊಟ್ಟು, ಶಾಲು ಹೊದೆಯದೆ, ಪದಕ ಮಾತ್ರ ಮತ್ತೆ ಚುಚ್ಚಿಕೊಂಡು ಇಬ್ಬರೂ ಹೊರಗೆ ಬಂದಾಗ ಚಿತ್ರದ ಮುಂದೆ ನೀಲಿ ರಿಬ್ಬನ್ ಕಟ್ಟಿತ್ತು. ಒಂದು ತಟ್ಟೆಯಲ್ಲಿ ಕತ್ತರಿ ಇತ್ತು. ಮೂವರು ನಾಲ್ವರು ಫೋಟೋದವರು, ಪೆನ್ನು ಹಿಡಿದ ಒಬ್ಬ ಪತ್ರಿಕೆಯ ಹೆಂಗಸು, ನಡುವೆ ಎತ್ತರದ ಮಹಾನಿರ್ದೇಶಕ. ಆತ ಇವರನ್ನು ಕಂಡವನೇ ಎರಡೂ ಕೈ ಚಾಚಿ ಬಂದು ರವ್ನಾಳ ಕೈ ಕುಲುಕಿದ. ಹೆಗಲ ಮೇಲೆ ನೇತಾಡುತ್ತಿದ್ದ ದಾರಗಳನ್ನು ನೋಡಿ, "ಎಂಥಾ ಸೂಕ್ಷ್ಮ ಕೈಕೆಲಸ! ಇದು ಯಾವ ಊರಿನ ಶೈಲಿ?" ಎಂದ. ಪಾಪ, ಅವನಿಗೆ ಉಲ್ಟಾ ಯಾವುದು ಸರಿ ಯಾವುದು ಎಂಬುದೂ ತಿಳಿಯಲಿಲ್ಲ.

ತಿಳಿದದ್ದು ಪೌಲೀನಾಳಿಗೆ. ಅವಳ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ಹಲ್ಲಿನ ನಡುವಿನಿಂದ, "ಅಮ್ಮಾ, ಬಟ್ಟೆ ಉಲ್ಟಾ ಹಾಕ್ಕೊಂಡಿದೀರಿ" ಎಂದಳು.

"ಹೂಂ."

"ದಯವಿಟ್ಟು ಸರಿ ಮಾಡ್ಕೊಂಡು ಬನ್ನಿ. ಎರಡು ನಿಮಿಷ ಕಾಯ್ತೀವಿ."

"ಮೊದಲು ನೀನು ಗೋಡೆ ಸರಿ ಮಾಡು. ನಾನು ಎರಡು ವರ್ಷ ಕಾಯ್ತೀನಿ."

"ನೀವು ರುಜು ಹಾಕಿದೀರಿ!"

"ಹಾಕಿದೀನಮ್ಮ, ಅದಕ್ಕೇ ಬಂದು ನಿಂತಿದೀನಿ. ಗಾಕ್ತಿ ತೊಟ್ಟು ನಿಲ್ಬೇಕು ಅಂತ ಬರೆದಿದೆ. ತೊಟ್ಟಿದೀನಿ. ಯಾವ ಮಗ್ಗುಲು ಹೊರಗಿರ್ಬೇಕು ಅಂತ ನಿನ್ನ ಕಾಗದದಲ್ಲಿ ಇಲ್ಲ."

ಫೋಟೋದವರಿಗೆ ಈ ಗುಸುಗುಸು ಕೇಳಿಸಲಿಲ್ಲ. ಅವರಲ್ಲೊಬ್ಬ, ಗಡ್ಡದವನು, ಕ್ಯಾಮೆರಾ ಎತ್ತಿಕೊಂಡು, "ಅಮ್ಮಾ, ಇಲ್ನೋಡಿ. ಸ್ವಲ್ಪ ನಗಿ," ಎಂದ.

"ಯಾಕಪ್ಪಾ ನಗ್ಬೇಕು?" ರವ್ನಾಳ ದನಿ ಈಗ ಬರ್ಚ್ ಕಂಬಗಳ ಆಚೆಯ ಕಡೆಯ ಕುರ್ಚಿಗೂ ಕೇಳುವಂತಿತ್ತು. "ನಮ್ಮವ್ವ ಅತ್ತಿದ್ದನ್ನೇ ಇವರು ನಗು ಅಂತ ಬರ್ಕೊಂಡಿದಾರೆ. ನಾನು ಅತ್ತರೂ ಹಾಗೇ ಬರ್ಕೊಳ್ಳಿ. ನಗೋ ಕಷ್ಟ ನಂಗ್ಯಾಕೆ?"

ಪರದೆ ನೋಡುತ್ತಿದ್ದ ಸೂಟಿನವರು ತಲೆ ಎತ್ತಿದರು. ಪತ್ರಿಕೆಯ ಹೆಂಗಸು ಪೆನ್ನಿನ ಮುಚ್ಚಳ ತೆಗೆದು ಮುಂದೆ ಬಂದಳು. "ಅವರ ಹೆಸರೇನು?"

"ಬಿರೆತ್. ನೀಲ್ಲಸನ ಮಗಳು ಬಿರೆತ್. ಬರ್ಕೋ. ಏಳು ವರ್ಷದ ಮಗಳನ್ನ ಸರ್ಕಾರದ ದೋಣಿ ಕೊಂಡೊಯ್ದಾಗ ದಡದಲ್ಲಿ ನಿಂತು ಅಳ್ತಿದಾಳೆ. ಆ ಮಗಳು ನಾನೇ. ನನ್ನ ಬೆನ್ನೂ ಇತ್ತು ಆ ಫೋಟೋದಲ್ಲಿ, ಕತ್ತರಿಸಿ ಬಿಸಾಕಿದಾರೆ. ಎದೆ ಮೇಲಿರೋ ಬೆಳ್ಳಿ ಇವರು ಬಿಡಿಸಿದ್ದು. ನಿಜವಾದ್ದು ಇದು." ಎಂದು ತನ್ನ ಪದಕವನ್ನು ಬೆರಳಿಂದ ತಟ್ಟಿದಳು.

ಮಹಾನಿರ್ದೇಶಕ ಪೌಲೀನಾಳನ್ನು ನೋಡಿದ. ಪೌಲೀನಾ ನೆಲ ನೋಡಿದಳು. ಆಮೇಲೆ, ಪಾಪ, ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು: "ಲಿಸ್ಬನ್ ವಿಮಾನ ಹತ್ತೋ ಹೊತ್ತಾಯ್ತು ಅಮ್ಮಾ. ನಮ್ಮ ಸಿಬ್ಬಂದಿ ನಿಮ್ಮನ್ನ ಬಾಗಿಲವರೆಗೂ ಕರ್ಕೊಂಡು ಹೋಗ್ತಾರೆ. ನಡೀರಿ."

ರವ್ನಾ ಎರಡು ಟಿಕೆಟ್‌ಗಳನ್ನೂ ತೆಗೆದು ತಟ್ಟೆಯಲ್ಲಿ ಕತ್ತರಿಯ ಪಕ್ಕ ಇಟ್ಟಳು. "ಬಿಸಿಲು ನೀವೇ ಇಟ್ಕೊಳ್ಳಿ. ಅಕ್ಷರ ಕೀಳೋವರ್ಗೂ ನಾನು ಇಲ್ಲಿಂದ ಏಳೋದಿಲ್ಲ. ಎತ್ತಿ ಹೊರಗೆ ಹಾಕ್ಬೇಕು ಅಂದ್ರೆ ಹಾಕಿ. ಏಳು ವರ್ಷದವಳಾಗಿದ್ದಾಗ ಸುಲಭ ಇತ್ತು, ಈಗ ಸ್ವಲ್ಪ ತೂಕ ಆಗಿದೀನಿ."

"ನಾನಂತೂ ಇನ್ನೂ ತೂಕ," ಎಂದು ಸುನ್ನಾ ಹತ್ತಿರದ ಕುರ್ಚಿಯನ್ನು ದರದರನೆ ಎಳೆದು ತಂದು, ಕೆಟ್ಟ ಹದದ ಆ ಚರ್ಮವನ್ನು ನೆಲಕ್ಕೆಸೆದು, ರಿಬ್ಬನ್ನಿನ ನಟ್ಟನಡುವೆ ಕೂತಳು. ಮೊಣಕಾಲು ಉಜ್ಜಿಕೊಂಡಳು. ಅವಳ ಹೆಗಲ ಮೇಲಿನ ತೇಪೆಗಳು ಎಲ್ಲರಿಗೂ ಕಾಣುತ್ತಿದ್ದವು.

ಕ್ಯಾಮೆರಾಗಳು ಒಂದರ ಮೇಲೊಂದು ಮಿಂಚಿದವು. ಫೋಟೋ ತೆಗೆಯಬೇಡಿ ಎಂದು ಪೌಲೀನಾ ಅಡ್ಡ ಬಂದಳು. ಅವಳನ್ನೂ ಸೇರಿಸಿ ತೆಗೆದರು.

"ಅಮ್ಮಾ, ಈ ಕಡೆ!" ಎಂದು ಗಡ್ಡದವನು ಕೂಗಿದ. "ಒಂದೇ ಸಲ, ಈ ಕಡೆ ತಿರುಗಿ!"

ರವ್ನಾ ಆ ಕಡೆ ತಿರುಗಲಿಲ್ಲ. ಅವರಿಗೆಲ್ಲ ಬೆನ್ನು ಹಾಕಿದಳು. ದಾರ ಗಂಟುಗಳೆಲ್ಲ ಹೊರಗಾದ ಆ ಬೆನ್ನನ್ನು ಅವರು ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ಅವಳು ಗೋಡೆಯ ತೀರ ಹತ್ತಿರ ಹೋಗಿ, ಕತ್ತೆತ್ತಿ, ಅರವತ್ತೆರಡು ವರ್ಷದ ಮೇಲೆ ದಡದ ಕಡೆ ನೋಡಿದಳು. ಅವಳ ಕೈ ಅವ್ವನ ಮೊಣಕೈಯವರೆಗೆ ಮಾತ್ರ ಎಟುಕುತ್ತಿತ್ತು. ಅಲ್ಲಿಯೇ ಅಂಗೈ ಊರಿದಳು.

"ಕೈ ತೆಗಿ ಅವ್ವಾ," ಎಂದಳು, ತಮ್ಮ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ. "ಯಾರಿಗೆ ಹೆದರ್ಕೊಂಡು ಮುಚ್ಕೋತೀಯ? ಅಳು. ನಾನು ನೋಡ್ತಾ ಇದೀನಿ."